ಚೀನಾದ ಶೆನ್‌ಝೆನ್‌ಗೆ ಹೊರಟಿರೋ ತಮ್ಮನಿಗೆ: ವಿಪಿಎನ್ ಎಲ್ರೂ ಹಾಕ್ಕೋತಾರಾ?

ತಮ್ಮಾ, ನಿನ್ನ ಮೆಸೇಜ್ ನೋಡಿದೆ. "ಅಣ್ಣಾ, ಮುಂದಿನ ತಿಂಗಳು ಶೆನ್‌ಝೆನ್‌ಗೆ ಕೆಲಸಕ್ಕೆ ಬರ್ತಿದೀನಿ. ಅಲ್ಲಿ ವಾಟ್ಸಾಪ್, ಇನ್‌ಸ್ಟಾ ಎಲ್ಲಾ ಬ್ಯಾನ್ ಅಂತೆ, ಆದ್ರೂ ಎಲ್ರೂ ವಿಪಿಎನ್ ಹಾಕ್ಕೊಂಡು ಬಳಸ್ತಾರಂತೆ, ನಿಜಾನಾ? ಊಟ, ರೂಮು, ಭಾಷೆ ಹೆಂಗೆ?" ಅಂತ ಕೇಳಿದೀಯ.

ಊಟಕ್ಕೆ ತಲೆ ಕೆಡಿಸ್ಕೋಬೇಡ. ಅಕ್ಕಿ, ತರಕಾರಿ ಸಿಗುತ್ತೆ. ಕುಕ್ಕರ್ ತಾ, ಮಿಕ್ಕಿದ್ದು ಏನು ಕಟ್ಟಿಕೊಡಬೇಕು ಅಂತ ನಿಮ್ಮಮ್ಮನಿಗೆ ನಾನು ಹೇಳಿಕೊಡೋದೇನಿದೆ. ರೂಮು ಕಂಪನಿಯವರು ಕೊಡ್ತಾರೆ ಅಂದಿದ್ರೆ ಆಫರ್ ಲೆಟರಲ್ಲಿ ಬರೆಸ್ಕೋ. ಭಾಷೆ ತಾನಾಗೇ ಬರುತ್ತೆ.

ವಿಪಿಎನ್ ಮಾತಿಗೆ ಬರೋಣ. ಹೊರಗಿನ ಆ್ಯಪ್, ಸೈಟುಗಳನ್ನ ಚೀನಾ ಸರ್ಕಾರ ತಡೆದಿರೋದನ್ನ 'ಗೋಡೆ' ಅಂತಾರೆ, ಅದನ್ನ ದಾಟಿಸೋ ಸಾಫ್ಟ್‌ವೇರೇ ವಿಪಿಎನ್. ಎಲ್ರೂ ಹಾಕ್ಕೋತಾರೆ ಅನ್ನೋದು ನಮ್ಮಂಥ ಹೊರಗಿನವರ ಮಾತು. ನಮ್ಮ ಸುತ್ತ ಇರೋರು ಹಾಕ್ಕೊಂಡಿರ್ತಾರೆ, ಅದಕ್ಕೆ ಹಂಗನ್ನಿಸುತ್ತೆ. ನಮ್ಮ ಆಫೀಸಿನ ಲೆಕ್ಕ ಬರೆಯೋ ಹೆಂಗಸಿಗೆ ವಾಟ್ಸಾಪ್ ಬೇಕು ಅಂತ ಒಂದು ದಿನಾನೂ ಅನ್ನಿಸಿಲ್ಲ. ಅವಳ ಅಮ್ಮ, ಮಗನ ಸ್ಕೂಲ್ ಗ್ರೂಪು, ಕರೆಂಟ್ ಬಿಲ್ಲು, ತರಕಾರಿ ಅಂಗಡಿಗೆ ಕೊಡೋ ದುಡ್ಡು, ಎಲ್ಲಾ ವಿಚಾಟ್ ಅನ್ನೋ ಇಲ್ಲಿನ ಆ್ಯಪಲ್ಲೇ. ಗೋಡೆ ಹತ್ತಿ ಆಚೆ ಇಳಿದ್ರೆ ಮಾತಾಡ್ಸೋಕೆ ಅವಳಿಗೆ ಯಾರಿದ್ದಾರೆ? ಬೀಜಿಂಗಿನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಗೋಡೆ ದಾಟೋ ಸಾಫ್ಟ್‌ವೇರನ್ನ ಪುಕ್ಕಟೆ ಕೊಟ್ಟು ನೋಡಿದ್ರು, 2019ರಲ್ಲಿ ಅದರ ವರದಿ ಬಂತು. ಹತ್ತಿರ ಹತ್ತಿರ ಅರ್ಧದಷ್ಟು ಜನ ಅದನ್ನ ಮುಟ್ಟಲೇ ಇಲ್ಲ. ಪುಕ್ಕಟೆ ಕೊಟ್ಟಾಗಲೇ ಹಿಂಗೆ!

ನಮ್ಮೂರಲ್ಲೇ ನೋಡಿಲ್ವಾ ನೀನು? 2020ರ ಜೂನ್ 29ಕ್ಕೆ ನಮ್ಮ ಸರ್ಕಾರದವರು ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್ ನಿಲ್ಲಿಸಿದ್ರಲ್ಲ, ಹಾಸನದಲ್ಲಿ ನಮ್ಮ ಅತ್ತೆ ಮಗಳು ಅದರಲ್ಲಿ ದಿನಾ ವಿಡಿಯೋ ಹಾಕೋಳು. ಎರಡು ದಿನ ಮುಖ ಊದಿಸ್ಕೊಂಡಿದ್ದಳು, ಜುಲೈನಲ್ಲಿ ಇನ್‌ಸ್ಟಾದಲ್ಲಿ ರೀಲ್ಸ್ ಬಂತು, ಅಲ್ಲಿಗೆ ಹೋದಳು. ವಿಪಿಎನ್ ಹಾಕಿ ಟಿಕ್‌ಟಾಕ್ ತೆಗೆದ್ರೂ ನಮ್ಮವರು ಯಾರೂ ಇಲ್ಲದ ಮೇಲೆ ಜನ ಎದ್ದುಹೋದ ಜಾತ್ರೇಲಿ ಅಂಗಡಿ ಇಟ್ಟಂಗೆ ಅಲ್ವಾ. ಕಾನೂನಿಗೆ ಹೆದರಿ ಬಿಟ್ಟವರು ಕಮ್ಮಿ ಅಂತ ನನ್ನ ಲೆಕ್ಕ. ಪಕ್ಕದಲ್ಲೇ ಇನ್ನೊಂದು ಸಿಕ್ತು, ಬಿಟ್ಟರು.

ಅದೇ 59ರಲ್ಲಿ ವಿಚಾಟೂ ಇತ್ತು. ನನಗೆ ಪೆಟ್ಟು ಬಿದ್ದದ್ದು ಅಲ್ಲಿ. 2016ರಲ್ಲಿ ನಾನು ಇಲ್ಲಿಗೆ ಬಂದಾಗ ವಾಟ್ಸಾಪ್ ಸಲೀಸಾಗಿ ಓಡ್ತಿತ್ತು. ಬಂದಿಳಿದ ರಾತ್ರಿ ಅಮ್ಮನಿಗೆ ರೂಮು, ಕಿಟಕಿ, ಕೆಳಗಿನ ರಸ್ತೆ ಎಲ್ಲಾ ವಿಡಿಯೋಲಿ ತೋರಿಸಿದ್ದೆ. 2017ರಲ್ಲಿ ಮೊದಲು ಫೋಟೋ, ವಿಡಿಯೋ ಹೋಗೋದು ನಿಂತಿತು, ಆಮೇಲೆ ಪೂರ್ತಿ ನಿಂತಿತು. ರಜೆಗೆ ಹೋದವನು ಅಮ್ಮನ ಫೋನಿಗೆ ವಿಚಾಟ್ ಹಾಕಿ ಕಲಿಸಿಕೊಟ್ಟೆ. ಆಮೇಲೆ ಅದೂ ಹೋಯ್ತು. ಆ ಕಡೆ ವಿಚಾಟ್ ಇಲ್ಲ, ಈ ಕಡೆ ವಾಟ್ಸಾಪ್ ಇಲ್ಲ. ಅಮ್ಮನ ಫೋನಿಗೆ ವಿಪಿಎನ್ ಹಾಕಿಸ್ತೀನಿ ಅಂದ್ರೆ, "ಸರ್ಕಾರದವರು ಬೇಡ ಅಂದದ್ದು ನಂಗ್ಯಾಕಪ್ಪಾ, ನೀನೇ ಏನಾದ್ರೂ ಮಾಡ್ಕೋ" ಅಂದಳು. ಸರಿ, ಗೋಡೆ ಹತ್ತೋ ಕೆಲಸ ನನ್ನ ಪಾಲಿಗೆ ಬಂತು.

2021ರ ಮಾರ್ಚ್ ಮೊದಲ ವಾರ ತಂಗಿ ಮದುವೆ. ಕೋವಿಡ್ ಕಾಲ, ಊರಿಗೆ ಹೋದ್ರೆ ವಾಪಸ್ ಬರೋ ಹಂಗಿರಲಿಲ್ಲ, ಭಾರತದಿಂದ ಬರೋರು ವೀಸಾ ಇದ್ರೂ ಒಳಗೆ ಬರೋ ಹಂಗಿಲ್ಲ ಅಂತ ಹಿಂದಿನ ನವೆಂಬರಲ್ಲೇ ಮಾಡಿದ್ರು. ಫೋನಲ್ಲೇ ನೋಡೋಣ ಅಂತ ಸ್ನಾನ ಮಾಡಿ, ಪಂಚೆ ಉಟ್ಟು ಕೂತೆ. ಬೀಜಿಂಗಿನಲ್ಲಿ ಅವರ ಸಂಸತ್ ಅಧಿವೇಶನ ನಡೆಯೋ ವಾರ ಅದು, ಅಂಥ ದಿನಗಳಲ್ಲಿ ವಿಪಿಎನ್‌ಗಳು ಮಲಗಿಬಿಡ್ತವೆ. ಅಂತರಪಟ ಹಿಡಿದ್ರು, ಬಿಳಿ ಬಟ್ಟೆ ಮೇಲೆ ಅರಿಶಿನದ ಸ್ವಸ್ತಿಕ, ಅಂಚಲ್ಲಿ ಮಾವನ ಬೆರಳು. ಚಿತ್ರ ಅಲ್ಲಿಗೇ ನಿಂತಿತು. ಸರ್ವರ್ ಬದಲಾಯಿಸ್ತೀನಿ, ಮತ್ತೆ ಅದೇ ಬಟ್ಟೆ. ಕೊನೆಗೆ ಮಾಮೂಲಿ ಐಎಸ್‌ಡಿ ಹಚ್ಚಿದೆ. ಚಿಕ್ಕಪ್ಪನ ಮಗ ಎತ್ತಿ ಫೋನನ್ನ ಮೇಲೆ ಹಿಡಿದ. ಗಟ್ಟಿಮೇಳ ಕೇಳಿಸಿತು, ಯಾರೋ "ಅಕ್ಷತೆ ಇತ್ಲಾಗೆ ಕೊಡ್ರೋ" ಅಂತಿದ್ದದ್ದು ಕೇಳಿಸಿತು. ತಂಗಿ ಧಾರೆ ನಂಗೆ ಕೇಳಿ ಗೊತ್ತು ಅಷ್ಟೇ. ಆಮೇಲೆ ಫೋಟೋಗ್ರಾಫರ್ ವಿಡಿಯೋ ಕಳಿಸಿದ, ಇನ್ನೂ ಪೂರ್ತಿ ನೋಡಿಲ್ಲ.

ಅದಕ್ಕೇ ಹೇಳ್ತೀನಿ, ಒಂದೇ ದಾರಿ ನಂಬ್ಕೊಂಡು ಬರಬೇಡ. ಊರಿನ ಸಿಮ್ಮಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ತೆರೆಸ್ಕೊಂಡು ಬಾ. ರೋಮಿಂಗಲ್ಲಿ ಡೇಟಾ ನಮ್ಮ ದೇಶದ ಕಂಪನಿ ಮೂಲಕವೇ ಹೋಗೋದ್ರಿಂದ ವಾಟ್ಸಾಪ್ ತಾನಾಗೇ ತೆರೆಯುತ್ತೆ, ದುಬಾರಿ ಮಾತ್ರ. ಹಬ್ಬ, ಮದುವೆ, ಆಸ್ಪತ್ರೆ ಅಂತ ಇಟ್ಕೋ. ನಿಮ್ಮಮ್ಮನ ಹತ್ರ ಮಾಮೂಲಿ ಕಾಲ್‌ಗೆ ನಿನ್ನ ಇಲ್ಲಿನ ನಂಬರು ಕಾಗದದ ಮೇಲೆ ಬರೆದಿಡಿಸು.

ಪರವಾನಗಿ ಇಲ್ಲದ ವಿಪಿಎನ್ ಇಲ್ಲಿ ಕಾನೂನಿಗೆ ವಿರುದ್ಧ, 15,000 ಯುವಾನ್‌ವರೆಗೂ ದಂಡ ಹಾಕಬಹುದು. ನಮ್ಮ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲೇ ಒಬ್ಬನಿಗೆ 1000 ಯುವಾನ್ ಹಾಕಿದ್ದು ಪೇಪರಲ್ಲಿ ಬಂದಿತ್ತು. ಹಾಕು ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ಕಂಪನಿಯಲ್ಲಿ ಪರವಾನಗಿ ಇರೋ ಇಂಟರ್‌ನೆಟ್ ಲೈನ್ ಇದ್ಯಾ ಅಂತ ಮೊದಲು ಕೇಳು. ಮಿಕ್ಕಿದ ಮಾತು ಎದುರಿಗೆ ಸಿಕ್ಕಾಗ.

ಬಂದ ಕೂಡಲೇ ಪಾಸ್‌ಪೋರ್ಟ್ ಹಿಡ್ಕೊಂಡು ಹೋಗಿ ಇಲ್ಲಿನ ಸಿಮ್ ತಗೋ, ಮುಖದ ಫೋಟೋನೂ ತೆಗೀತಾರೆ, ಗಾಬರಿ ಬೀಳಬೇಡ. ವಿಚಾಟ್ ಖಾತೆ ತೆರೆಯೋವಾಗ ಹಳಬರೊಬ್ಬರು ಕ್ಯೂಆರ್ ಸ್ಕ್ಯಾನ್ ಮಾಡಿ ಒಪ್ಪಬೇಕು ಅಂತ ಕೇಳಬಹುದು. ಆವಾಗ ನನಗೆ ಫೋನ್ ಮಾಡು, ಭಾನುವಾರ ಆದ್ರೆ ನಾನೇ ಬರ್ತೀನಿ.