193 ಸರಿಯೋ, 195 ಸರಿಯೋ?

ಸಮಾಜ ವಿಜ್ಞಾನ ಕಲಿಸುವ ಓದುಗರೊಬ್ಬರ ಪತ್ರ: “ಕಿರುಪರೀಕ್ಷೆಯಲ್ಲಿ ‘ಪ್ರಪಂಚದಲ್ಲಿ ಎಷ್ಟು ದೇಶಗಳಿವೆ?’ ಎಂದು ಕೇಳಿದ್ದೆ. ಮಾದರಿ ಉತ್ತರದಲ್ಲಿ 193 ಎಂದಿತ್ತು. 195 ಎಂದು ಬರೆದ ಹುಡುಗಿಗೆ ಅಂಕ ಕೊಡಲಿಲ್ಲ. ಅವಳು ಎದ್ದು ನಿಂತು, ‘ಹಾಗಾದರೆ ಒಲಿಂಪಿಕ್ಸ್‌ಗೆ ಇನ್ನೂರಕ್ಕೂ ಹೆಚ್ಚು ತಂಡಗಳು ಹೇಗೆ ಬರುತ್ತವೆ ಟೀಚರ್?’ ಎಂದಳು. ನನಗೆ ಉತ್ತರ ತೋಚಲಿಲ್ಲ. ಇದು ದೇಶ, ಇದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಮುಂದುವರಿದ ದೇಶ, ತೃತೀಯ ಜಗತ್ತು ಎಂದು ವಿಂಗಡಿಸುವವರು ಯಾರು?”

ಸಂಪಾದಕರ ಉತ್ತರ:

ಮೇಡಂ, ಆ ಹುಡುಗಿ ಎದ್ದು ನಿಂತು ಕೇಳಿದಳಲ್ಲ, ಅದನ್ನು ಓದಿ ತುಂಬ ಖುಷಿಯಾಯಿತು. ಅವಳಿಗೆ ಸರಿಯಾದ ಉತ್ತರ ಸಿಗಲೇಬೇಕು.

193 ಎಂಬುದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳ ಲೆಕ್ಕ. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಸೇರಿದ ಮೇಲೆ ಆ ಸಂಖ್ಯೆ ಏರಿಲ್ಲ. ಸದಸ್ಯತ್ವವಿಲ್ಲದೆ ವೀಕ್ಷಕ ಸ್ಥಾನದಲ್ಲಿರುವ ವ್ಯಾಟಿಕನ್ ಮತ್ತು ಪ್ಯಾಲೆಸ್ಟೀನ್ ಸೇರಿಸಿದರೆ 195. ಒಲಿಂಪಿಕ್ಸ್‌ನ ಲೆಕ್ಕವೇ ಬೇರೆ. ಅಲ್ಲಿ 206 ಸಮಿತಿಗಳಿಗೆ ಮಾನ್ಯತೆ ಇದೆ. ಅಮೆರಿಕದ ಅಧೀನದಲ್ಲಿರುವ ಪೋರ್ಟೊರಿಕೊ ಅಲ್ಲಿ ತನ್ನದೇ ಬಾವುಟ ಹಿಡಿದು ನಡೆಯುತ್ತದೆ. ಫುಟ್‌ಬಾಲ್‌ನ ಫಿಫಾದಲ್ಲಿ 211 ಸದಸ್ಯರು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಅಲ್ಲಿ ನಾಲ್ಕು ಬೇರೆ ಬೇರೆ ತಂಡ. ಅಂಚೆ, ಬ್ಯಾಂಕು, ಕಂಪ್ಯೂಟರುಗಳಿಗೆಂದು ಮಾಡಿದ ಎರಡಕ್ಷರದ ದೇಶ ಸಂಕೇತಗಳ ಪಟ್ಟಿಯಲ್ಲಂತೂ 249 ಹೆಸರುಗಳಿವೆ. ಹಿಮದಿಂದ ಮುಚ್ಚಿಹೋಗಿರುವ, ನರಪಿಳ್ಳೆಯೂ ವಾಸಿಸದ ಬೂವೆ ದ್ವೀಪಕ್ಕೂ ಅದರಲ್ಲಿ ಒಂದು ಸಂಕೇತವಿದೆ. ಯಾರ ಕೆಲಸಕ್ಕೆ ಎಂಥ ಪಟ್ಟಿ ಬೇಕೋ ಅವರು ಅಂಥದ್ದನ್ನು ಮಾಡಿಕೊಂಡಿದ್ದಾರೆ.

ಹಾಗಾದರೆ ದೇಶ ಎಂದರೇನು? ನಮ್ಮ ಭಾಷೆಯಲ್ಲೇ ಇಲ್ಲೊಂದು ತೊಡಕಿದೆ. ನಾಡು, ದೇಶ, ರಾಷ್ಟ್ರ ಎಂದು ಬಾಯಿಗೆ ಬಂದದ್ದನ್ನು ಬಳಸುತ್ತೇವೆ. ರಾಜ್ಯಶಾಸ್ತ್ರದ ಪುಸ್ತಕ ತೆರೆದರೆ ಇದಕ್ಕೆಲ್ಲ ‘ರಾಜ್ಯ’ ಎಂಬ ಪದ. ಮಕ್ಕಳು ಗಲಿಬಿಲಿಯಾಗುವುದು ಸಹಜ. ಜನಾಂಗವಾಗಿ, ಭಾಷೆಯಾಗಿ ಒಂದಾಗಿರುವ ಕುರ್ದ್ ಜನ ಕೋಟಿಗಟ್ಟಲೆ ಇದ್ದಾರೆ. ಟರ್ಕಿ, ಇರಾಕ್, ಇರಾನ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ. ಅವರಿಗೆ ನಾಡಿದೆ, ರಾಜ್ಯವಿಲ್ಲ.

ಕಾನೂನು ಪಂಡಿತರು ಇಂದಿಗೂ ಉಲ್ಲೇಖಿಸುವುದು 1933ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಆದ ಒಪ್ಪಂದವನ್ನು. ಕಾಯಂ ಜನವಸತಿ, ಗೊತ್ತುಪಡಿಸಿದ ನೆಲ, ಒಂದು ಸರ್ಕಾರ, ಬೇರೆ ರಾಜ್ಯಗಳೊಡನೆ ವ್ಯವಹರಿಸುವ ಸಾಮರ್ಥ್ಯ, ಇವಿಷ್ಟಿದ್ದರೆ ರಾಜ್ಯ ಎಂದಿತು ಅದು. ಉಳಿದವರು ಮಾನ್ಯ ಮಾಡಲಿ ಬಿಡಲಿ, ರಾಜ್ಯ ರಾಜ್ಯವೇ ಎಂದೂ ಹೇಳಿತು. ಕಾಗದದ ಮೇಲೆ ಸೊಗಸಾಗಿದೆ. ಆದರೆ ಸೊಮಾಲಿಲ್ಯಾಂಡನ್ನು ನೋಡಿ. 1991ರಲ್ಲಿ ಸೊಮಾಲಿಯಾದಿಂದ ಬೇರೆಯಾದೆವೆಂದು ಘೋಷಿಸಿಕೊಂಡಿತು. ಅದರದೇ ನೋಟು, ಅದರದೇ ಪಾಸ್‌ಪೋರ್ಟ್, ಅದರದೇ ಪೊಲೀಸು. ಚುನಾವಣೆಯಲ್ಲಿ ಸೋತ ಅಧ್ಯಕ್ಷರು ಅಲ್ಲಿ ಕುರ್ಚಿ ಬಿಟ್ಟುಕೊಟ್ಟಿದ್ದಾರೆ. ಅದೇ 1991ರಲ್ಲಿ ಸೊಮಾಲಿಯಾದ ರಾಜಧಾನಿ ಮೊಗದಿಶುವಿನ ಕೇಂದ್ರ ಸರ್ಕಾರ ಕುಸಿದುಬಿದ್ದು, ಸೊಮಾಲಿಯಾದಲ್ಲಿ ವರ್ಷಗಟ್ಟಲೆ ಆಡಳಿತವೆಂಬುದೇ ಇರಲಿಲ್ಲ. ಆದರೂ ವಿಶ್ವಸಂಸ್ಥೆಯಲ್ಲಿ ಆಸನ ಉಳಿದದ್ದು ಸೊಮಾಲಿಯಾಕ್ಕೆ. ಸೊಮಾಲಿಲ್ಯಾಂಡಿಗೆ ಇವತ್ತಿಗೂ ಅಲ್ಲಿ ಜಾಗವಿಲ್ಲ. ನನ್ನ ಮಟ್ಟಿಗೆ ಇದು ಅನ್ಯಾಯ.

ವಿಶ್ವಸಂಸ್ಥೆಗೆ ಸೇರಬೇಕೆಂದರೆ ಭದ್ರತಾ ಮಂಡಳಿಯ 15ರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವಿಟೊ ಹಾಕಬಾರದು, ಆಮೇಲೆ ಮಹಾಸಭೆಯಲ್ಲಿ ಮೂರನೇ ಎರಡರಷ್ಟು ಬೆಂಬಲ. 2024ರ ಏಪ್ರಿಲ್‌ನಲ್ಲಿ ಪ್ಯಾಲೆಸ್ಟೀನ್ ಪರ 12 ಮತ ಬಿದ್ದರೂ ಅಮೆರಿಕದ ಒಂದೇ ವಿಟೊದಿಂದ ಬಾಗಿಲು ಮುಚ್ಚಿತು. ಹಾಗೆಂದು ಸದಸ್ಯತ್ವವೇ ದೇಶದ ಗುರುತೂ ಅಲ್ಲ. ಸ್ವಿಟ್ಜರ್ಲೆಂಡ್ ಸದಸ್ಯನಾದದ್ದು 2002ರಲ್ಲಿ. ಅದಕ್ಕೂ ಮುಂಚೆ ಅದು ದೇಶವಾಗಿರಲಿಲ್ಲ ಎನ್ನುವವರುಂಟೆ? ಇತ್ತ ಭಾರತ ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗಲೇ, 1945ರಲ್ಲಿ, ಸ್ಥಾಪಕ ಸದಸ್ಯನಾಗಿತ್ತು.

ನೆಲದ ಮಾತಿಗೆ ಬಂದಾಗ ನನಗೆ ನೆನಪಾಗುವುದು ಒಂದು ವಿಡಿಯೊ. 2021ರ ಹವಾಮಾನ ಸಮ್ಮೇಳನಕ್ಕೆಂದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟುವಾಲುವಿನ ಆಗಿನ ವಿದೇಶಾಂಗ ಸಚಿವ ಸೈಮನ್ ಕೋಫೆ ಭಾಷಣ ಮುದ್ರಿಸಿ ಕಳಿಸಿದ್ದರು. ಕೋಟು, ಟೈ, ಮುಂದೊಂದು ಭಾಷಣ ಪೀಠ, ಹಿಂದೆ ಬಾವುಟ. ಕ್ಯಾಮೆರಾ ಹಿಂದೆ ಸರಿಯುತ್ತದೆ. ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದದ ಕಡಲ ನೀರಲ್ಲಿ ನಿಂತಿದ್ದಾರೆ. ಒಂಬತ್ತು ದ್ವೀಪ, 26 ಚದರ ಕಿಲೋಮೀಟರ್ ನೆಲ, ಸುಮಾರು 11 ಸಾವಿರ ಜನ. ನೀರು ಏರುತ್ತಾ ಹೋಗಿ ನೆಲವೇ ಇಲ್ಲವಾದರೆ ಟುವಾಲು ದೇಶವಾಗಿ ಉಳಿಯುತ್ತದೆಯೆ? ಮಾಂಟೆವಿಡಿಯೊದಲ್ಲಿ ಕೂತವರಿಗೆ ಈ ಪ್ರಶ್ನೆ ಕನಸಲ್ಲೂ ಬಂದಿರಲಾರದು. ಟುವಾಲು 2023ರಲ್ಲಿ ಸಂವಿಧಾನ ತಿದ್ದಿ, ನೆಲ ಹೋದರೂ ತಾನು ಶಾಶ್ವತವಾಗಿ ರಾಜ್ಯ ಎಂದು ಬರೆದುಕೊಂಡಿತು. ಆಸ್ಟ್ರೇಲಿಯಾ ಅದರೊಡನೆ ಮಾಡಿಕೊಂಡ ಒಪ್ಪಂದದಲ್ಲೂ ಇದನ್ನು ಒಪ್ಪಿಕೊಂಡಿದೆ.

ಇನ್ನು ವಿಂಗಡಣೆ. ‘ತೃತೀಯ ಜಗತ್ತು’ ಎಂಬ ಮಾತು 1952ರಲ್ಲಿ ಫ್ರಾನ್ಸಿನ ಜನಸಂಖ್ಯಾ ತಜ್ಞ ಆಲ್ಫ್ರೆಡ್ ಸೋವಿ ಬರೆದ ಲೇಖನದ್ದು. ಅಮೆರಿಕದ ಬಣಕ್ಕೂ ಸೋವಿಯತ್ ಬಣಕ್ಕೂ ಸೇರದವರು ಎಂಬುದು ಅದರ ಅರ್ಥ. ಫ್ರೆಂಚ್ ಕ್ರಾಂತಿಗೆ ಮುಂಚೆ ಪಾದ್ರಿಗಳು ಒಂದನೇ ವರ್ಗ, ಶ್ರೀಮಂತ ಕುಲೀನರು ಎರಡನೇ ವರ್ಗ, ಉಳಿದ ಜನಸಾಮಾನ್ಯರೆಲ್ಲ ಮೂರನೇ ವರ್ಗ ಆಗಿದ್ದರಲ್ಲ, ಆ ನೆನಪಿನಲ್ಲಿ ಕಟ್ಟಿದ ಪದ. ಬರಬರುತ್ತ ಅದು ‘ಮೂರನೇ ದರ್ಜೆ’ ಎಂಬ ಅರ್ಥ ಪಡೆಯಿತು. ನಮ್ಮ ಪತ್ರಿಕೆಯೂ ಶೀರ್ಷಿಕೆಗಳಲ್ಲಿ ಹಾಗೆ ಬಳಸಿದೆ. ತಪ್ಪು ನಮ್ಮದು. ಇನ್ನು ಮುಂದೆ ಇತಿಹಾಸ ಹೇಳುವಾಗ ಬಿಟ್ಟರೆ ಆ ಪದ ಬಳಸುವುದಿಲ್ಲ.

ವಿಶ್ವಬ್ಯಾಂಕ್ ಪ್ರತಿ ಜುಲೈ 1ಕ್ಕೆ ತಲಾ ಆದಾಯ ನೋಡಿ ದೇಶಗಳನ್ನು ನಾಲ್ಕು ಗುಂಪು ಮಾಡುತ್ತದೆ: ಕಡಿಮೆ, ಕೆಳಮಧ್ಯಮ, ಮೇಲ್ಮಧ್ಯಮ, ಅಧಿಕ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ‘ಅಭಿವೃದ್ಧಿಶೀಲ’ ಎಂದು ತಾನೇ ಹೇಳಿಕೊಂಡರೆ ಸಾಕು. ವಿಶ್ವಸಂಸ್ಥೆಗೆ ತೀರಾ ಹಿಂದುಳಿದವರದೊಂದು ಪಟ್ಟಿ ಇದೆ, 1971ರಿಂದ. ಭೂತಾನ್ 2023ರ ಡಿಸೆಂಬರಿನಲ್ಲಿ ಅದರಿಂದ ಹೊರಬಂತು. ಆದಾಯವೊಂದನ್ನೇ ಅಳೆದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ಈಕ್ವಟೋರಿಯಲ್ ಗಿನಿ ಸಾಕ್ಷಿ. ತೈಲದ ಹಣದಿಂದ ಸರಾಸರಿ ಆದಾಯ ಏರಿತು. ಆರೋಗ್ಯ, ಶಿಕ್ಷಣದ ಮಟ್ಟ ಅದಕ್ಕೆ ತಕ್ಕಂತೆ ಏರಲಿಲ್ಲ. ಆದರೂ 2017ರಲ್ಲಿ ಪಟ್ಟಿಯಿಂದ ಹೊರಗೆ ಬಂತು. ಆಯುಷ್ಯ, ಶಿಕ್ಷಣ, ಆದಾಯ ಮೂರನ್ನೂ ಕೂಡಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ 1990ರಲ್ಲಿ ತಂದದ್ದು ಇಂಥ ಕುರುಡನ್ನು ನೀಗಲೆಂದೇ. ಪಾಠ ಮಾಡುವಾಗ ನೀವು ಆದಾಯದ ಪಟ್ಟಿಯ ಪಕ್ಕದಲ್ಲಿ ಇದನ್ನೂ ಇಟ್ಟು ತೋರಿಸಿ. ಎರಡರಲ್ಲೂ ಒಂದೇ ದೇಶದ ಜಾಗ ಎಷ್ಟು ಬದಲಾಗುತ್ತದೆಂದು ಮಕ್ಕಳೇ ಕಂಡುಕೊಳ್ಳಲಿ.

ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ‘ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳೆಷ್ಟು?’ ಎಂದಿದ್ದರೆ 193 ಒಂದೇ ಉತ್ತರ. ನೀವು ಕೇಳಿದ್ದು ದೇಶಗಳೆಷ್ಟು ಎಂದು. ಆ ಹುಡುಗಿಗೆ ದಯವಿಟ್ಟು ಅಂಕ ಕೊಡಿ, ತರಗತಿಯ ಎಲ್ಲರೆದುರೇ ಕೊಡಿ.