ಹೆಸರು ಒಂದೇ, ಮನೆತನ ಬೇರೆ

ಪ್ರಶ್ನೆ: ಕಾಸ್ಮಿಕ್ ಸ್ಟ್ರಿಂಗ್ ಅಂದರೆ ಸ್ಟ್ರಿಂಗ್ ಥಿಯರಿಯ ಎಳೆಯೇನಾ? ಒಂದು ಸಿಕ್ಕಿಬಿಟ್ಟರೆ ಥಿಯರಿ ನಿಜವಾದ ಹಾಗೇನಾ?
– ಓದುಗರು, ಡೊಂಬಿವಲಿ

ಉತ್ತರ: ಎರಡಕ್ಕೂ ‘ಇಲ್ಲ’. ಮೊದಲನೆಯದಕ್ಕೆ ಮಾತ್ರ ಒಂದು ‘ಆದರೆ’ ಇದೆ.

1976ರಲ್ಲಿ ಭೌತವಿಜ್ಞಾನಿ ಟಾಮ್ ಕಿಬಲ್ ಹೇಳಿದ ಕಾಸ್ಮಿಕ್ ಸ್ಟ್ರಿಂಗಿಗೆ ಸ್ಟ್ರಿಂಗ್ ಥಿಯರಿಯ (ಎಲ್ಲ ಕಣಗಳೂ ಅತಿಸೂಕ್ಷ್ಮ ಎಳೆಗಳ ಕಂಪನ ಎನ್ನುವ ಸಿದ್ಧಾಂತ) ಹಂಗಿಲ್ಲ. ವಿಶ್ವ ತಣಿಯುವಾಗ ಎಲ್ಲೆಡೆ ಹರಡಿದ ಕ್ಷೇತ್ರವೊಂದು (ಫೀಲ್ಡ್) ಒಂದೊಂದು ಕಡೆ ಒಂದೊಂದು ದಿಕ್ಕಿಗೆ ವಾಲುತ್ತದೆ. ತಲೆಯ ಸುಳಿ ನೋಡಿ: ಸುತ್ತಲಿನ ಕೂದಲು ಮಲಗಿದರೂ ನಡುವಿನದು ಎಷ್ಟು ಬಾಚಿದರೂ ಮಲಗದು. ಕ್ಷೇತ್ರದಲ್ಲೂ ಅಂಥ ಸುಳಿಯ ನಡುವೆ ಹಳೆಯ ಬಿಸಿ ಸ್ಥಿತಿಯೇ ಎಳೆಯಾಗಿ ಸಿಕ್ಕಿಬೀಳುತ್ತದೆ. ದಪ್ಪ ಪ್ರೋಟಾನಿಗಿಂತ ಎಷ್ಟೋ ಕಿರಿದು, ತೂಕ ಕೇಳಬೇಡಿ. ವಿಶ್ವದ ಆದಿಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಮಾಹಿತಿ ಬಿಟ್ಟುಕೊಡುವ ಗರಿಷ್ಠ ತೂಕದ ಆಸುಪಾಸಿನಲ್ಲಿ ಅರ್ಧ ಕಿಲೋಮೀಟರ್ ಎಳೆ ಸರಿಸುಮಾರು ಚಂದ್ರನಷ್ಟು ತೂಗುತ್ತದೆ.

ಸ್ಟ್ರಿಂಗ್ ಥಿಯರಿಯ ಎಳೆ ಹೀಗೆ ಯಾವುದರಿಂದಲೋ ಆದದ್ದಲ್ಲ, ಅದೇ ಮೂಲ. ಅದು ಆಕಾಶದುದ್ದ ಹಿಗ್ಗೀತೇ ಎಂದು 1985ರಲ್ಲಿ ಎಡ್ವರ್ಡ್ ವಿಟ್ಟನ್ ಲೆಕ್ಕ ಹಾಕಿ ಕೈಬಿಟ್ಟರು: ಬಿಗುವು (ಅದು ಹೆಚ್ಚಿದಷ್ಟೂ ತೂಕವೂ ಹೆಚ್ಚು) ವಿಪರೀತ, ಬಾಳಿಕೆಯೂ ಸಂಶಯ. 2002–03ರ ಹೊತ್ತಿಗೆ ಹೆನ್ರಿ ತೈ, ಜೋಸೆಫ್ ಪೋಲ್ಚಿನ್‌ಸ್ಕಿ ಮೊದಲಾದವರು ಬಾಗಿಲು ಮತ್ತೆ ತೆರೆದರು. ಥಿಯರಿ ಹೇಳುವ ಹೆಚ್ಚುವರಿ ಆಯಾಮಗಳು ಬಾಗಿದ್ದರೆ ನಮ್ಮ ಕಡೆಗೆ ಆ ಬಿಗುವು ಬಹಳ ಇಳಿದು ಕಾಣುತ್ತದೆ. ಇದೇ ಆ ‘ಆದರೆ’. ಹಾಗೆ ಹಿಗ್ಗಿದ ಎಳೆಯ ಹೆಸರು ಕಾಸ್ಮಿಕ್ ಸೂಪರ್‌ಸ್ಟ್ರಿಂಗ್.

ಎರಡನ್ನೂ ಬೇರ್ಪಡಿಸುವುದು ಎಳೆಗಳು ಒಂದನ್ನೊಂದು ಅಡ್ಡಹಾಯುವಾಗ. ಸಾಧಾರಣ ಎಳೆಗಳು ತಾಗಿದರೆ ಹೆಚ್ಚುಕಡಿಮೆ ಪ್ರತಿಸಲವೂ ತುದಿ ಬದಲಿಸಿಕೊಳ್ಳುತ್ತವೆ. ಸೂಪರ್‌ಸ್ಟ್ರಿಂಗುಗಳು ಎಷ್ಟೋ ಸಲ ಹಾಗೇ ದಾಟಿಹೋಗುತ್ತವೆ, ಹಾಗಾಗಿ ತುಂಡಾಗದೆ ಹೆಚ್ಚು ಉಳಿಯುತ್ತವೆ. ಬೇರೆ ಬೇರೆ ಬಿಗುವಿನ ಮೂರು ಎಳೆ ಕವಲಿನಂತೆ ಕೂಡುವುದೂ ಉಂಟು. ಆ ಕವಲು ಕಂಡರೆ ಮಾತಾಡೋಣ. ಬರೀ ಎಳೆಯಿಂದ ಥಿಯರಿ ಗೆಲ್ಲದು.

ಪ್ರಶ್ನೆ: ಇದನ್ನು ಹುಡುಕುವುದು ಹೇಗೆ? ನಮ್ಮ ಖೋಡದ್‌ನ ರೇಡಿಯೋ ದೂರದರ್ಶಕದಿಂದ ಆದೀತೇ?
– ಓದುಗರು, ಪುಣೆ

ಉತ್ತರ: ಬೆಳಕು ಎಳೆಯ ಎರಡೂ ಬದಿಯಿಂದ ನಮ್ಮನ್ನು ತಲುಪುವುದರಿಂದ ಹಿಂದಿನ ಗೆಲಾಕ್ಸಿ ಜೋಡಿಯಾಗಿ ಕಾಣಬೇಕು, ಎರಡೂ ಸೊಟ್ಟಗಾಗದೆ. ಮೇಲಿನ ತೂಕಕ್ಕೆ ಅಂತರ ಹೆಚ್ಚೆಂದರೆ ಅರ್ಧ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಪಾಲಿನ ಅರ್ಧ): ಮುಂಬೈಯ ಗೇಟ್‌ವೇಯಲ್ಲಿ ನಿಂತು ಎಲಿಫೆಂಟಾದಲ್ಲಿನ ರೂಪಾಯಿ ನಾಣ್ಯ ನೋಡಿದಂತೆ. ಮೋಸಹೋಗುವುದೂ ಇಲ್ಲೇ. 2003ರಲ್ಲಿ ವರದಿಯಾದ ಸಿಎಸ್‌ಎಲ್-1 ಎಂಬ ಗೆಲಾಕ್ಸಿ ಜೋಡಿ ಭಾರಿ ಸದ್ದು ಮಾಡಿತ್ತು. 2006ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ನೋಡಿದರೆ ಅಕ್ಕಪಕ್ಕದ ಎರಡು ಬೇರೆ ಗೆಲಾಕ್ಸಿ! ನಿಜವಾದ ಎಳೆಯಾದರೆ ಬಿಂಬದ ಅಂಚು ಕತ್ತರಿಸಿದಂತಿರಬೇಕು, ಅದೇ ಸಾಲಿನಲ್ಲಿ ಇನ್ನಷ್ಟು ಜೋಡಿಗಳೂ ಸಿಗಬೇಕು.

ಖೋಡದ್‌ನ ಆ ದೂರದರ್ಶಕ, ಅಂದರೆ ಜಿಎಂಆರ್‌ಟಿಯ 45 ಮೀಟರ್ ಅಗಲದ 30 ಡಿಶ್‌ಗಳದು ಇನ್ನೊಂದು ದಾರಿ. ತುಂಡಾದ ಎಳೆಯ ಕುಣಿಕೆಗಳು ನಡುಗುತ್ತ ಗುರುತ್ವದ ಅಲೆ ಸೂಸಿ ಸವೆಯುತ್ತವೆ. ಆ ಅಲೆ, ಈ ಡಿಶ್‌ಗಳು ಆಲಿಸುವ ಪಲ್ಸರ್‌ಗಳ (ಗಡಿಯಾರದಂತೆ ಮಿಡಿಯುವ ನಕ್ಷತ್ರಗಳ) ಮಿಡಿತವನ್ನು ತುಸು ಹಿಂದುಮುಂದು ಮಾಡುತ್ತದೆ. 2023ರ ಜೂನ್‌ನಲ್ಲಿ ಯುರೋಪಿನವರೊಂದಿಗೆ ಖೋಡದ್‌ನ ಮಾಹಿತಿಯೂ ಸೇರಿ ಅಂಥ ಗುಂಯ್‌ಗುಡುವಿಕೆಯ ಸುಳಿವು ಸಿಕ್ಕಿತು. ಸದ್ಯ ಹೆಚ್ಚಿನವರ ಬೆರಳು ದೈತ್ಯ ಕಪ್ಪುಕುಳಿಗಳ ಜೋಡಿಗಳ ಕಡೆಗಿದೆ. ಎಳೆಗಳು ಸರದಿಯಲ್ಲಿ ಹಿಂದೆ ನಿಂತಿವೆ.