ಪ್ರಶ್ನೋತ್ತರ: ‘ಗ್ರೇವಿ’ ಎಂದ ದನಿಯೂ ಕುಪ್ವಾಡದ ತಪ್ಪಲೂ

ಕಳೆದ ತಿಂಗಳ ಅಂಕಣದಲ್ಲಿ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಓದುಗರು ಆ ಸಾಲನ್ನೇ ಹಿಡಿದು ನಿಲ್ಲಿಸಿದ್ದಾರೆ. ಹಾಗಾಗಿ ಈ ತಿಂಗಳ ಜಾಗವೆಲ್ಲ ಅವರಿಗೇ ಮೀಸಲು.

*ನನ್ನ ಮಗಳು ಪದವಿಯ ನಂತರ ‘ಅಂತರ್‌ಸಾಂಸ್ಕೃತಿಕ ಸಂವಹನ’ ಓದುತ್ತೇನೆ ಎನ್ನುತ್ತಿದ್ದಾಳೆ. ಅದು ಕೂತು ಓದುವಂಥ ವಿಷಯವೇ? ಅದನ್ನು ಕಲಿಸುವುದರಲ್ಲೇ ಆಯುಷ್ಯ ಕಳೆದವರು ಇದ್ದಾರೆಯೇ? — ಶಿವಮೊಗ್ಗದ ಒಬ್ಬ ತಂದೆ*

ಇದ್ದಾರೆ. ಅವರಲ್ಲಿ ಹಲವರು ಬೇರೆ ಯಾವುದನ್ನೋ ಓದಿ ಇಲ್ಲಿಗೆ ಬಂದವರು. ಗಂಪರ್ಜ್ ಅವರನ್ನೇ ನೋಡಿ. 1922ರಲ್ಲಿ ಜರ್ಮನಿಯ ಹಾಟಿಂಗನ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು 1939ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಮೊದಲು ಓದಿದ್ದು ರಸಾಯನಶಾಸ್ತ್ರ. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಭಾಷೆಯ ಕಡೆಗೆ ತಿರುಗಿ, ಆ ರಾಜ್ಯದಲ್ಲೇ ನೆಲೆಸಿದ್ದ ಜರ್ಮನ್ ಮೂಲದ ರೈತರ ಸ್ವೇಬಿಯನ್ ಆಡುನುಡಿಯ ಮೇಲೆ ಪ್ರಬಂಧ ಬರೆದು 1954ರಲ್ಲಿ ಪಿಎಚ್.ಡಿ. ಪಡೆದರು.

ಅದಾದ ಮೇಲೆ ಬಂದದ್ದು ಉತ್ತರ ಪ್ರದೇಶದ ಸಹಾರನ್‌ಪುರ ಜಿಲ್ಲೆಯ ಖಾಲಾಪುರ ಎಂಬ ಹಳ್ಳಿಗೆ. ಅವರ ಮುಂದಿನ ದಾರಿಯೆಲ್ಲ ಆ ಹಳ್ಳಿಯಲ್ಲೇ ತೆರೆದುಕೊಂಡಿತು ಎಂದು ನನಗೆ ಅನ್ನಿಸುತ್ತದೆ. ಅಲ್ಲಿನ ಅಸ್ಪೃಶ್ಯ ಜಾತಿಗಳವರು ದಿನವಿಡೀ ರಜಪೂತರ ಹೊಲಮನೆಗಳಲ್ಲಿ ದುಡಿಯುತ್ತಿದ್ದರು, ಅವರೊಂದಿಗೆ ಮಾತನಾಡುತ್ತಲೂ ಇದ್ದರು. ಆದರೂ ಅವರ ಉಚ್ಚಾರಣೆ ಬೇರೆಯಾಗಿಯೇ ಉಳಿದಿತ್ತು. ಇಬ್ಬರು ಎಷ್ಟು ಹೊತ್ತು ಮಾತನಾಡುತ್ತಾರೆ ಎನ್ನುವುದರಿಂದ ನುಡಿ ಹತ್ತಿರವಾಗುವುದಿಲ್ಲ, ಜಗಲಿಯ ಮೇಲೆ ಸರಿಸಮ ಕೂತು ಹರಟುವ ಸ್ನೇಹ ಅವರ ನಡುವೆ ಇದೆಯೇ ಎನ್ನುವುದರಿಂದ ಆಗುತ್ತದೆ ಎಂದು ಅವರು 1958ರಲ್ಲಿ ಬರೆದರು. ಒಡೆಯ ಮತ್ತು ಆಳಿನ ನಡುವಿನ ಮಾತುಕತೆ ಎಷ್ಟೇ ಆದರೂ ಆ ಹರಟೆಗೆ ಸಾಟಿಯಾಗುವುದಿಲ್ಲ.

1956ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಮೊದಲು ಕಲಿಸಿದ್ದು ಹಿಂದಿ. ಕ್ರಮೇಣ ಮಾನವಶಾಸ್ತ್ರದ ಪ್ರಾಧ್ಯಾಪಕರಾಗಿ, 1991ರಲ್ಲಿ ನಿವೃತ್ತರಾಗುವವರೆಗೂ ಬೇರೆ ಬೇರೆ ಹಿನ್ನೆಲೆಯ ಜನ ಮಾತನಾಡುವಾಗ ಎಲ್ಲಿ ಎಡವುತ್ತಾರೆ ಎಂಬುದನ್ನೇ ಕಲಿಸಿದರು. 2013ರ ಮಾರ್ಚ್‌ನಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ಮಗಳು ಯಾವ ವಿಷಯದಲ್ಲಿ ಪದವಿ ಮಾಡಿದ್ದಾಳೆಂದು ತಾವು ಬರೆದಿಲ್ಲ. ಅದು ಯಾವುದೇ ಆಗಿದ್ದರೂ ಅಡ್ಡಿಯಿಲ್ಲ.

*ಈ ವಿದ್ವಾಂಸರು ನಮ್ಮ ಗಡಿಭಾಗದ ಕನ್ನಡದ ಬಗ್ಗೆಯೂ ಬರೆದಿದ್ದಾರೆಂದು ಕೇಳಿದ್ದೇನೆ. ನಿಜವೇ? — ಚಿಕ್ಕೋಡಿಯ ಓದುಗರು*

ನಿಜ. ಜಗತ್ತಿನ ಯಾವ ಮೂಲೆಯಲ್ಲಿ ಭಾಷಾಸಂಪರ್ಕದ ಪಾಠ ನಡೆದರೂ ಆ ಬರಹದ ಪ್ರಸ್ತಾಪ ಬರುತ್ತದೆ. ತಮ್ಮ ಊರಿನಿಂದ ಬಹಳ ದೂರವಿಲ್ಲದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಅವರು ಮಾತುಗಳನ್ನು ಸಂಗ್ರಹಿಸಿ, ರಾಬರ್ಟ್ ವಿಲ್ಸನ್ ಅವರೊಡನೆ 1971ರಲ್ಲಿ ಪ್ರಕಟಿಸಿದರು. ಇಂದು ಮಹಾನಗರಪಾಲಿಕೆಯ ಭಾಗವಾಗಿರುವ ಕುಪ್ವಾಡ ಆಗ ಮೂರು ಸಾವಿರದಷ್ಟು ಜನರ ಹಳ್ಳಿ. ಜಮೀನು ಹೆಚ್ಚಾಗಿ ಇದ್ದದ್ದು ಮನೆಯಲ್ಲಿ ಕನ್ನಡ ಆಡುವ ಜೈನರ ಕೈಯಲ್ಲಿ, ಲಿಂಗಾಯತರದೂ ಕನ್ನಡವೇ. ಮುಸಲ್ಮಾನರದು ಉರ್ದು, ದಲಿತರದು ಮರಾಠಿ, ಹಗ್ಗ ಹೊಸೆಯುವವರದು ತೆಲುಗು. ಊರಿನ ಗಂಡಸರಲ್ಲಿ ಹೆಚ್ಚಿನವರಿಗೆ ಎರಡು ಮೂರು ಭಾಷೆಗಳು ಬರುತ್ತಿದ್ದವು.

ಅವರು ಕೊಟ್ಟ ಒಂದು ಉದಾಹರಣೆಯನ್ನು ಕಣ್ಣಿಟ್ಟು ನೋಡಬೇಕು. ‘ಸ್ವಲ್ಪ ತಪ್ಪಲು (ಸೊಪ್ಪು) ಕೊಯ್ದುಕೊಂಡು ಬಂದೆ’ ಎನ್ನುವುದಕ್ಕೆ ಕುಪ್ವಾಡದ ಉರ್ದುವಿನಲ್ಲಿ ‘ಪಾಲಾ ಜರಾ ಕಾಟ್ ಕೆ ಲೇ ಕೆ ಆಯಾ’ ಎನ್ನುತ್ತಾರೆ. ಮರಾಠಿಯಲ್ಲಿ ‘ಪಾಲಾ ಜರಾ ಕಾಪೂನ್ ಘೇಊನ್ ಆಲೋ’. ಕನ್ನಡದಲ್ಲಿ ಹೆಚ್ಚುಕಡಿಮೆ ‘ತಾಪ್ಲಾ ಜರಾ ಖೋದಿ ತಗೊಂಡಿ ಬಯ್ನ್’. ಒಂದರ ಕೆಳಗೊಂದು ಬರೆದುಕೊಂಡು ನೋಡಿದರೆ ಮೂರೂ ವಾಕ್ಯಗಳ ಎಲುಬಿನ ಗೂಡು ಒಂದೇ ಎನ್ನುವುದು ತಿಳಿಯುತ್ತದೆ. ಶಬ್ದ ಇದ್ದ ಜಾಗದಲ್ಲಿ ಶಬ್ದ, ಪ್ರತ್ಯಯ ಇದ್ದ ಜಾಗದಲ್ಲಿ ಪ್ರತ್ಯಯ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಲು ವ್ಯಾಕರಣ ಬದಲಿಸುವ ಕಷ್ಟವೇ ಇಲ್ಲ, ಶಬ್ದಗಳನ್ನು ಬದಲಿಸಿದರೆ ಸಾಕು. ಒಂದು ದ್ರಾವಿಡ ಭಾಷೆ, ಎರಡು ಆರ್ಯ ಭಾಷೆಗಳು ಶತಮಾನಗಳ ಕಾಲ ಒಂದೇ ಓಣಿಯಲ್ಲಿ ಬದುಕಿ ಹೀಗೆ ಒಂದು ಅಚ್ಚಿಗೆ ಬಂದಿವೆ.

ಹಾಗಾದರೆ ಶಬ್ದಗಳು ಮಾತ್ರ ಏಕೆ ಬೆರೆತುಹೋಗಲಿಲ್ಲ ಎಂದು ತಾವು ಕೇಳಬಹುದು. ಇಡೀ ಅಧ್ಯಯನದಲ್ಲಿ ನನಗೆ ಬಹಳ ರುಚಿಸಿದ ಪ್ರಶ್ನೆ ಇದೇ. ಹೊರಗೆ, ಹೊಲದಲ್ಲಿ, ಸಂತೆಯಲ್ಲಿ ಎಲ್ಲರೂ ಕೂಡಿ ವ್ಯವಹರಿಸಬೇಕಾಗಿತ್ತು. ಆದರೆ ಹೊಸ್ತಿಲು ದಾಟಿ ಒಳಗೆ ಬಂದರೆ ಊಟ, ಮದುವೆ, ಪೂಜೆ ಎಲ್ಲವೂ ಅವರವರ ಜಾತಿಯೊಳಗೇ. ವ್ಯಾಕರಣವನ್ನು ಹೊರಗಿನ ಬದುಕು ಒಂದುಗೂಡಿಸಿತು, ಶಬ್ದಗಳನ್ನು ಮನೆ ಬೇರೆಯಾಗಿ ಇಟ್ಟಿತು. ಹಿಂದುಮುಂದಿಲ್ಲದೆ ‘ಗಡಿಭಾಗದ ಕನ್ನಡ ಕೆಟ್ಟುಹೋಗಿದೆ’ ಎನ್ನುವ ನಮ್ಮ ಕಡೆಯ ಪಂಡಿತರಿಗೆ ಈ ಬರಹವನ್ನು ಓದಿ ಹೇಳಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

*ನಾನು ಲಂಡನ್ನಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನನ್ನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೂ ನಾನು ಒರಟಾಗಿ ಮಾತನಾಡುತ್ತೇನೆ ಎಂದು ಮೇಲಧಿಕಾರಿ ಹೇಳಿದ್ದಾರೆ. ನನಗೆ ಅರ್ಥವಾಗುತ್ತಿಲ್ಲ. — ಹಾಸನ ಮೂಲದ ಓದುಗರು*

ತಮ್ಮ ಪತ್ರ ಓದಿದಾಗ ನೆನಪಾದದ್ದು ಗಂಪರ್ಜ್ ಅವರು ದಾಖಲಿಸಿದ, ತಾವಿರುವ ದೇಶದಲ್ಲೇ ನಡೆದ ಒಂದು ಘಟನೆ. ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದ ನೌಕರರ ಕ್ಯಾಂಟೀನಿಗೆ ಭಾರತ ಮತ್ತು ಪಾಕಿಸ್ತಾನದ ಹೆಂಗಸರನ್ನು ಹೊಸದಾಗಿ ಬಡಿಸಲು ತೆಗೆದುಕೊಂಡಿದ್ದರು. ಅವರು ಸೆಡುಕಿನವರು, ಸಹಕಾರ ಕೊಡದವರು ಎಂಬ ದೂರು ಬಂತು. ಅವರು ಆಡುತ್ತಿದ್ದ ಮಾತುಗಳಾದರೋ ನಾಲ್ಕಾರು. ಮಾಂಸ ತೆಗೆದುಕೊಂಡವರಿಗೆ ಗ್ರೇವಿ ಬೇಕೇ ಎಂದು ಕೇಳಬೇಕು. ಅಲ್ಲಿನ ಇಂಗ್ಲಿಷ್ ಹೆಂಗಸಾದರೆ ‘ಗ್ರೇವಿ?’ ಎಂದು ದನಿಯನ್ನು ಕೊನೆಯಲ್ಲಿ ಏರಿಸುತ್ತಾಳೆ. ನಮ್ಮವರು ಅದೇ ಶಬ್ದವನ್ನು ದನಿ ಇಳಿಸಿ ‘ಗ್ರೇವಿ’ ಎನ್ನುತ್ತಿದ್ದರು. ಕೇಳಿದವರ ಕಿವಿಗೆ ಅದು ‘ಇದು ಗ್ರೇವಿ, ಬೇಕಾದರೆ ತಗೋ, ಇಲ್ಲದಿದ್ದರೆ ಬಿಡು’ ಎಂಬಂತೆ ಬೀಳುತ್ತಿತ್ತು.

ಎರಡನ್ನೂ ಧ್ವನಿಮುದ್ರಿಸಿ ಕೇಳಿಸಿದಾಗ ಆ ಹೆಂಗಸರು ‘ಎರಡೂ ಒಂದೇ ಅಲ್ಲವೇ?’ ಎಂದರಂತೆ. ಅವರ ನುಡಿಯ ರೂಢಿಯಲ್ಲಿ ಇಳಿದನಿಯೇ ಸಹಜವಾಗಿ ಕೇಳುವ ರೀತಿ. ವ್ಯತ್ಯಾಸ ತಿಳಿಸಿಕೊಟ್ಟ ಮೇಲೆಯೇ, ಇಷ್ಟು ದಿನ ಜನ ತಮ್ಮನ್ನು ಏಕೆ ಹಾಗೆ ನೋಡುತ್ತಿದ್ದರು ಎಂಬುದು ಅವರಿಗೂ, ಅವರ ಮನಸ್ಸಿನಲ್ಲಿ ಏನಿತ್ತು ಎಂಬುದು ಮೇಲ್ವಿಚಾರಕರಿಗೂ ಹೊಳೆದದ್ದು. ದನಿಯ ಏರಿಳಿತ, ಒತ್ತು, ಮಾತಿನ ನಡುವಿನ ಬಿಡುವು ಇಂಥವನ್ನೆಲ್ಲ ಸೇರಿಸಿ ಗಂಪರ್ಜ್ ಅವರು ‘ಸಂದರ್ಭ ಸೂಚಕಗಳು’ ಎಂದು ಕರೆದರು. ವ್ಯಾಕರಣ ತಪ್ಪಿದರೆ ಕೇಳುವವರು ‘ಪಾಪ, ಪರದೇಶದವನು’ ಎಂದುಕೊಳ್ಳುತ್ತಾರೆ. ಸೂಚಕ ತಪ್ಪಿದರೆ ‘ಇವನ ಸ್ವಭಾವವೇ ಹೀಗೆ’ ಎಂದುಕೊಳ್ಳುತ್ತಾರೆ. ತಮಗೆ ಆಗಿರುವುದು ಈ ಎರಡನೆಯದು.

ಇದಕ್ಕೆ ನನ್ನದೊಂದು ಊಹೆಯನ್ನೂ ಸೇರಿಸುತ್ತೇನೆ. ಕನ್ನಡದಲ್ಲಿ ‘ಆ ಫೈಲ್ ಕಳಿಸಿ’ ಎಂದರೆ ಮರ್ಯಾದೆ ಪೂರ್ತಿಯಾಗಿ ಸಂದಿದೆ. ಅದು ‘ಕಳಿಸು’ ಎನ್ನದೆ ‘ಕಳಿಸಿ’ ಎಂದ ಆ ಒಂದು ಇಕಾರದಲ್ಲಿ ಕೂತಿದೆ. ‘ದಯವಿಟ್ಟು’ ಎನ್ನುವುದು ನಮ್ಮಲ್ಲಿ ಅರ್ಜಿಗೂ ಫಲಕಕ್ಕೂ ಸೇರಿದ ಮಾತು. ಇದನ್ನೇ ಇಂಗ್ಲಿಷಿಗೆ ತಂದಾಗ ಇಕಾರ ಉದುರಿಹೋಗುತ್ತದೆ, ಅದರ ಜಾಗಕ್ಕೆ ಏನೂ ಬರುವುದಿಲ್ಲ, ಉಳಿಯುವುದು ಬರಿಯ ಆಜ್ಞೆ. ತಾವು ಕಳೆದ ವಾರ ಬರೆದ ಹತ್ತು ಮಿಂಚಂಚೆಗಳನ್ನು ಈ ದೃಷ್ಟಿಯಿಂದ ಒಮ್ಮೆ ಓದಿ ನೋಡಿ.

*‘ಜಪಾನಿನಲ್ಲಿ ಹೀಗೆ ಬಾಗಬೇಕು, ಅರಬರಿಗೆ ಎಡಗೈ ಕೊಡಬಾರದು’ ಎಂಬಂಥ ಪಟ್ಟಿಗಳನ್ನು ನಮ್ಮ ಕಂಪನಿಯ ತರಬೇತಿಯಲ್ಲಿ ಕೊಡುತ್ತಾರೆ. ಇದೇ ಆ ಶಾಸ್ತ್ರವೇ? — ಬೆಂಗಳೂರಿನ ಓದುಗರು*

ಅದು ಪ್ರವಾಸಿಗೆ ಸಾಲುತ್ತದೆ, ಸಹೋದ್ಯೋಗಿಗೆ ಸಾಲದು. ಗಂಪರ್ಜ್ ಅವರ ಪದ್ಧತಿ ಪಟ್ಟಿಯದಲ್ಲ. ನಿಜವಾಗಿ ನಡೆದ ಮಾತುಕತೆಯನ್ನು ಮುದ್ರಿಸಿಕೊಂಡು, ಎಡವಿದ ಕೆಲವೇ ಕ್ಷಣಗಳನ್ನು ಮತ್ತೆ ಮತ್ತೆ ಕೇಳಿಸಿ, ಎರಡೂ ಕಡೆಯವರನ್ನು ‘ನಿಮಗೆ ಇಲ್ಲಿ ಏನು ಕೇಳಿಸಿತು?’ ಎಂದು ವಿಚಾರಿಸುವುದು ಅವರ ಕ್ರಮ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಇದನ್ನು ಒಮ್ಮೆ ಪ್ರಯತ್ನಿಸಿದ್ದುಂಟು. ಹುಬ್ಬಳ್ಳಿಯ ಅಂಗಡಿಕಾರರೊಬ್ಬರು ಗಿರಾಕಿಗೆ ‘ಕೂಡ್ರಿ, ಕೂಡ್ರಿ, ಅವಸರ ಏನೈತಿ?’ ಎಂದದ್ದನ್ನು ತರಗತಿಯಲ್ಲಿ ಕೇಳಿಸಿದೆ. ಮೈಸೂರು ಕಡೆಯ ಹುಡುಗರು ‘ಗದರಿಸುತ್ತಿದ್ದಾರೆ’ ಎಂದು ಬರೆದರು, ಧಾರವಾಡದ ಕಡೆಯವರು ‘ಉಪಚಾರ ಮಾಡುತ್ತಿದ್ದಾರೆ’ ಎಂದು ಬರೆದರು. ಆಮೇಲೆ ಅರ್ಧ ಗಂಟೆ ನಾನು ಪಾಠ ಮಾಡಬೇಕಾಗಿಯೇ ಬರಲಿಲ್ಲ.

*ಕರಿಯರಿಗೂ ವಲಸಿಗರಿಗೂ ಕೆಲಸ ಸಿಗದಿರುವುದಕ್ಕೆ ಕಾರಣ ಜನಾಂಗಭೇದ. ಅದನ್ನು ‘ದನಿಯ ಏರಿಳಿತ’ ಎಂದು ತೇಲಿಸಿಬಿಡುವುದು ನ್ಯಾಯವೇ? — ರಾಯಚೂರಿನ ಓದುಗರು*

ತಮ್ಮ ಆಕ್ಷೇಪಣೆ ಗಂಭೀರವಾದದ್ದು, ಹೊಸದೂ ಅಲ್ಲ. 1979ರಲ್ಲಿ ಬಿಬಿಸಿ ಈ ಸಂಶೋಧನೆಯನ್ನು ಆಧರಿಸಿ ‘ಕ್ರಾಸ್‌ಟಾಕ್’ ಎಂಬ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ವಲಸಿಗ ಕಾರ್ಮಿಕರಿಗೆ ಭಾಷಾ ತರಬೇತಿ ಕೊಡುತ್ತಿದ್ದ ಟಾಮ್ ಜಪ್ ಮತ್ತು ಸೀಲಿಯಾ ರಾಬರ್ಟ್ಸ್ ಅವರು ಅದರಲ್ಲಿ ಗಂಪರ್ಜ್ ಅವರ ಜೊತೆಗಿದ್ದರು. ಅದರ ಬಗ್ಗೆ ಮೆಚ್ಚುಗೆಯಷ್ಟೇ ಟೀಕೆಯೂ ಬಂತು. ರಾಜೇಂದ್ರ ಸಿಂಗ್, ಜಯಂತ್ ಲೇಲೆ ಮತ್ತು ಗೀತಾ ಮಾರ್ಟೊಹಾರ್ಡ್‌ಜೋನೊ ಅವರು 1988ರಲ್ಲಿ ಬರೆದ ಲೇಖನದಲ್ಲಿ, ಈ ಬಗೆಯ ವಿಶ್ಲೇಷಣೆಯು ಹೊಂದಿಕೊಳ್ಳುವ ಹೊರೆಯನ್ನು ದುರ್ಬಲರ ಹೆಗಲಿಗೇ ಹೇರುತ್ತದೆ, ಅಧಿಕಾರದ ಪ್ರಶ್ನೆಯನ್ನು ಬದಿಗೆ ಸರಿಸುತ್ತದೆ ಎಂಬ ಅರ್ಥದ ಟೀಕೆ ಮಾಡಿದರು.

ನನ್ನ ಅಭಿಪ್ರಾಯ ಕೇಳಿದರೆ, ಟೀಕಾಕಾರರ ಮಾತಿನಲ್ಲಿ ಹುರುಳಿದೆ ಎನ್ನುತ್ತೇನೆ. ಕ್ಯಾಂಟೀನಿನಲ್ಲಿ ಇಬ್ಬರೂ ಕಲಿತರು ಎಂಬುದು ಸಂತೋಷದ ವಿಷಯ. ಆದರೆ ಮೊದಲು ದನಿ ತಿದ್ದಿಕೊಳ್ಳಬೇಕಾಗಿ ಬಂದದ್ದು ಯಾರಿಗೆ ಎಂಬುದನ್ನು ಮರೆಯಲಾಗದು. ಒಳ್ಳೆಯ ಮನಸ್ಸಿನವರ ನಡುವೆಯೂ ಮಾತು ಹೇಗೆ ಮುರಿಯುತ್ತದೆ ಎಂಬುದನ್ನು ಈ ವಿದ್ಯೆ ತೋರಿಸುತ್ತದೆ. ಕೆಟ್ಟ ಮನಸ್ಸಿನವರ ವಿಷಯದಲ್ಲಿ ಇದರಿಂದ ಆಗುವುದು ಕಡಿಮೆ, ಅಲ್ಲಿಗೆ ಕಾನೂನೇ ಬೇಕು. ಇದನ್ನು ಗಂಪರ್ಜ್ ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿತ್ತು ಎಂದು ಮಾತ್ರ ನಾನು ಒಪ್ಪುವುದಿಲ್ಲ. ದಿನವಿಡೀ ಮಾತನಾಡಿದರೂ ಒಡೆಯನ ನುಡಿಗೂ ಆಳಿನ ನುಡಿಗೂ ನಡುವಿನ ಗೋಡೆ ಬೀಳುವುದಿಲ್ಲ ಎಂದು ಖಾಲಾಪುರದಲ್ಲಿ ಕಂಡು ಬರೆದವರು ಅವರೇ.